ಅಪ್ಪನ ಜೇಬಿನ ಗುಳಿಗೆ ಮತ್ತು ನಮ್ಮೂರಿನ ಪ್ರಯೋಗಾಲಯ



ಕಳೆದ ಫೆಬ್ರವರಿಯಲ್ಲಿ ಅಪ್ಪ ಮೈಸೂರಿನಿಂದ ನಮ್ಮ ಬೆಕೆನ್‌ಹ್ಯಾಮ್ ಮನೆಗೆ ಬಂದಿದ್ದರು. ಒಂದು ದಿನ ಬೆಳಗ್ಗೆ ಬಿಸಿ ಉಪ್ಪಿಟ್ಟು ತಿಂದು, ಮಂಕಿ ಟೋಪಿ ಹಾಕಿಕೊಂಡು ನನ್ನ ಜೊತೆ ವಾಕಿಂಗ್ ಹೊರಟರು. ಏರು ರಸ್ತೆ, ಮುಖಕ್ಕೆ ಹೊಡೆಯುವ ಚಳಿಗಾಳಿ. ಸ್ವಲ್ಪ ದೂರದಲ್ಲೇ ಅಪ್ಪ ಎದೆ ಹಿಡಿದುಕೊಂಡು ನಿಂತುಬಿಟ್ಟರು.

"ಏನಾಯ್ತಪ್ಪಾ?" ಎಂದೆ ಗಾಬರಿಯಿಂದ.

"ಏನಿಲ್ಲ, ಸುಮ್ನಿರಮ್ಮ" ಎನ್ನುತ್ತಾ ಜೇಬಿನಿಂದ ಪುಟ್ಟ ಗುಳಿಗೆ ತೆಗೆದು ನಾಲಿಗೆ ಕೆಳಗಿಟ್ಟುಕೊಂಡರು. ಕೆಲವೇ ನಿಮಿಷಗಳಲ್ಲಿ ನೋವು ಇಳಿಯಿತು, ಆದರೆ ತಲೆ ಸುತ್ತಿ ಯಾರದೋ ಗೇಟು ಹಿಡಿದುಕೊಂಡರು. ಅದು ಸಾರ್ಬಿಟ್ರೇಟ್! ಎರಡು ವರ್ಷದಿಂದ ಜೇಬಿನಲ್ಲಿತ್ತಂತೆ. ನಾನು ಫಾರ್ಮಸಿಸ್ಟ್. ದಿನವೂ ಯಾರ್‍ಯಾರಿಗೋ ಇಂಥ ಔಷಧಿ ಕೊಟ್ಟು ಬುದ್ಧಿ ಹೇಳುವವಳಿಗೆ ಸ್ವಂತ ಅಪ್ಪನ ವಿಷಯ ಗೊತ್ತಿರಲಿಲ್ಲ.

ಅಂದೇ ಡಾಕ್ಟರಿಗೆ ತೋರಿಸಿದೆವು. ರಾತ್ರಿ ಅಪ್ಪ ಕೇಳಿದರು, "ಅಲ್ಲ ಕಣಮ್ಮ, ಸಾಸಿವೆ ಕಾಳಿನಂಥ ಗುಳಿಗೆ ಎದೆಯೊಳಗೆ ಹೋಗಿ ಏನು ಮಾಡುತ್ತೆ?" ಉತ್ತರದ ಒಂದು ಮುಖ್ಯ ಭಾಗ ಸಿಕ್ಕಿದ್ದು ನಮ್ಮ ಬೆಕೆನ್‌ಹ್ಯಾಮಿನಲ್ಲೇ ಎಂದರೆ ಅವರು ನಂಬಲಿಲ್ಲ. ನಿಮಗೂ ಹೇಳುತ್ತೇನೆ, ಕೇಳಿ.

ನಮ್ಮ ಅಪಧಮನಿಗಳು ಬರೀ ಪೈಪುಗಳಲ್ಲ. ಅವುಗಳ ಗೋಡೆಯಲ್ಲಿ ಸುತ್ತಲೂ ಸ್ನಾಯುಗಳಿವೆ. ಸ್ನಾಯು ಬಿಗಿದರೆ ನಾಳ ಕಿರಿದು, ಸಡಿಲವಾದರೆ ಅಗಲ. ಒತ್ತಡ ಅಷ್ಟೇ ಇದ್ದು ನಾಳದ ಅಗಲ ಅರ್ಧವಾದರೆ ರಕ್ತದ ಹರಿವು ಅರ್ಧವಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ!

ಬಿಗಿಯಲು ಅಪ್ಪಣೆ ಕೊಡುವ ರಾಸಾಯನಿಕಗಳಲ್ಲಿ ಮೊದಲು ಪತ್ತೆಯಾದದ್ದೂ ಲಂಡನ್ನಿನಲ್ಲೇ. 1894ರಲ್ಲಿ ಯೂನಿವರ್ಸಿಟಿ ಕಾಲೇಜಿನ ಶೇಫರ್ ಮತ್ತು ಡಾಕ್ಟರ್ ಜಾರ್ಜ್ ಆಲಿವರ್, ಅಡ್ರಿನಲ್ ಗ್ರಂಥಿಯ ಸಾರವು ಸಣ್ಣ ಅಪಧಮನಿಗಳನ್ನು ಬಿಗಿದು ರಕ್ತದೊತ್ತಡ ಏರಿಸುವುದನ್ನು ತೋರಿಸಿದರು. ಅದರ ಹತ್ತಿರದ ಸಂಬಂಧಿ ನಾರ್‌ಅಡ್ರಿನಲಿನ್. ಚಳಿ ತಾಗಿದಾಗ ನರಗಳ ತುದಿಯಿಂದ ಅದು ಹೊರಬಂದು ಚರ್ಮದ ನಾಳಗಳನ್ನು ಬಿಗಿಯುತ್ತದೆ. ರಕ್ತದೊತ್ತಡ ಏರಿ ಹೃದಯಕ್ಕೆ ದುಡಿಮೆ ಹೆಚ್ಚುತ್ತದೆ. ಅದರ ಮೇಲೆ ಏರು ರಸ್ತೆ, ಹೊಟ್ಟೆ ತುಂಬ ಉಪ್ಪಿಟ್ಟು! ಅಪ್ಪನ ಎದೆ ನೋಯಲು ಇಷ್ಟು ಸಾಕಾಯಿತು.

ಇನ್ನು ಸಡಿಲಿಸುವವರು ಯಾರು? 1980ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಫರ್ಚ್‌ಗಾಟ್ ಮೊಲದ ಅಪಧಮನಿಯ ಮೇಲೆ ಅಸಿಟೈಲ್‌ಕೋಲಿನ್ ಹಾಕಿ ನೋಡಿದರು. ಎಂಡೋಥೀಲಿಯಂ ಎಂಬ ತೆಳು ಒಳಪದರ ಚೆನ್ನಾಗಿದ್ದರೆ ನಾಳ ಸಡಿಲವಾಯಿತು. ಅದು ಉಜ್ಜಿ ಹೋಗಿದ್ದರೆ ಸಡಿಲವಾಗಲಿಲ್ಲ. ಅಂದರೆ ಒಳಪದರವೇ ಸ್ನಾಯುವಿಗೆ ಯಾವುದೋ ಸಂದೇಶ ಕಳಿಸುತ್ತಿದೆ! 1987ರಲ್ಲಿ ಬೆಕೆನ್‌ಹ್ಯಾಮಿನ ವೆಲ್‌ಕಮ್ ಪ್ರಯೋಗಾಲಯದ ಸಾಲ್ವಡಾರ್ ಮೊಂಕಾಡ ಮತ್ತು ಸಂಗಡಿಗರು ಆ ಸಂದೇಶವಾಹಕ ನೈಟ್ರಿಕ್ ಆಕ್ಸೈಡ್ ಎಂದು ತೋರಿಸಿದರು. ವಾಹನದ ಹೊಗೆಯಲ್ಲೂ ಇರುವ ಅನಿಲ ಅದು! ಕೆಲವೇ ಸೆಕೆಂಡು ಬದುಕಿ, ಪಕ್ಕದ ಸ್ನಾಯುವಿಗೆ ನುಸುಳಿ, ಸೈಕ್ಲಿಕ್ ಜಿಎಂಪಿ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತದೆ. ಆಗ ಸ್ನಾಯುವಿನೊಳಗಿನ ಕ್ಯಾಲ್ಸಿಯಂ ಇಳಿದು ಬಿಗಿ ಸಡಿಲಗೊಳ್ಳುತ್ತದೆ. 1998ರ ನೊಬೆಲ್ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೆ ಸಂದಿತು. ಮೊಂಕಾಡ ಅವರ ಹೆಸರು ಬಿಟ್ಟದ್ದಕ್ಕೆ ಇಲ್ಲಿ ಬಹಳ ಜನ ಬೇಸರಪಟ್ಟರು.

ಅಪ್ಪನ ಗುಳಿಗೆ ದೇಹದಲ್ಲಿ ಇದೇ ನೈಟ್ರಿಕ್ ಆಕ್ಸೈಡನ್ನು ಒದಗಿಸುತ್ತದೆ. ಮುಖ್ಯವಾಗಿ ಸಿರೆಗಳು ಸಡಿಲವಾಗಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಅದರ ಹೊರೆ ಇಳಿಯುತ್ತದೆ. ಹೃದಯದ ಅಪಧಮನಿಗಳೂ ಅಗಲವಾಗುತ್ತವೆ. ಇದರ ಅಣ್ಣನಂತಿರುವ ನೈಟ್ರೋಗ್ಲಿಸರಿನ್ ಎದೆನೋವಿಗೆ ಆಗುತ್ತದೆಂದು ಲಂಡನ್ನಿನ ವಿಲಿಯಂ ಮರೆಲ್ 1879ರಲ್ಲೇ ಬರೆದಿದ್ದರು. ಏಕೆ ಆಗುತ್ತದೆಂದು ತಿಳಿಯಲು ನೂರು ವರ್ಷ ಬೇಕಾಯಿತು. ಡೈನಮೈಟಿನ ಆಲ್‌ಫ್ರೆಡ್ ನೊಬೆಲ್‌ಗೂ ವೈದ್ಯರು ಅದನ್ನೇ ಬರೆದುಕೊಟ್ಟಿದ್ದರು!

ಮರುವಾರ ಅಪ್ಪನನ್ನು ಆ ಪ್ರಯೋಗಾಲಯವಿದ್ದ ಲ್ಯಾಂಗ್ಲಿ ಕೋರ್ಟ್ ಕಡೆ ಕರೆದೊಯ್ದೆ, ಈ ಸಲ ಕಾರಿನಲ್ಲಿ. 1995ರಲ್ಲಿ ಗ್ಲಾಕ್ಸೋ ಕಂಪನಿ ವೆಲ್‌ಕಮ್ ಅನ್ನು ಕೊಂಡ ಮೇಲೆ ಪ್ರಯೋಗಾಲಯ ಮುಚ್ಚಿತು. ಅಪ್ಪ ಸುಮ್ಮನೆ ನೋಡಿ, "ನಿಮಗೆ ಹೇಳಿದ್ರೆ ಹೆದರ್ತೀರಾ ಅಂತ ಹೇಳಿರಲಿಲ್ಲ ಕಣಮ್ಮ" ಎಂದರು. ನನಗೆ ಮಾತೇ ಹೊರಡಲಿಲ್ಲ.

ಸ್ನೇಹಿತರೆ, ಸಿಗರೇಟು, ಸಕ್ಕರೆ ಕಾಯಿಲೆ, ಬಿ.ಪಿ. ಇವೆಲ್ಲ ಆ ಒಳಪದರವನ್ನು ಹಾಳು ಮಾಡುತ್ತವೆ. ನಡಿಗೆಯಿಂದ ರಕ್ತದ ಹರಿವು ಹೆಚ್ಚಿ ಅದು ಹೆಚ್ಚು ನೈಟ್ರಿಕ್ ಆಕ್ಸೈಡ್ ಕೊಡುತ್ತದೆ. ನಾಲಿಗೆ ಕೆಳಗಿನ ಗುಳಿಗೆಯನ್ನು ಕುಳಿತೇ ತೆಗೆದುಕೊಳ್ಳಬೇಕು. ವಯಾಗ್ರದಂಥ ಔಷಧಿಯ ಜೊತೆ ಕೂಡದು, ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವೈದ್ಯರು ಹೇಳಿದಂತೆ ತೆಗೆದುಕೊಂಡರೂ ನೋವು ಇಳಿಯದಿದ್ದರೆ 999ಕ್ಕೆ ಫೋನ್ ಮಾಡಿ.

ಊರಿನಿಂದ ಅಪ್ಪ ಅಮ್ಮ ಬಂದಾಗ ಚಟ್ನಿಪುಡಿ, ಹಪ್ಪಳದ ಡಬ್ಬಿ ತೆಗೆಯುವ ಮೊದಲು ಗುಳಿಗೆ ಡಬ್ಬಿ ತೋರಿಸಿ ಎಂದು ಕೇಳಿ. ನಾನಂತೂ ಇನ್ನು ಮರೆಯುವುದಿಲ್ಲ.