ಮುತ್ತಿಲ್ಲದ ಚಿಪ್ಪು

ಸ್ವಾತಿ ಮಳೆಯ ಹನಿ ಚಿಪ್ಪಿನಲ್ಲಿ ಬಿದ್ದು ಮುತ್ತಾಗುತ್ತದೆಂಬ ಕವಿಸಮಯವನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ವಿವರಿಸಿದ್ದೇನೆ. ನಮ್ಮ ಸುರಪುರ ಸೀಮೆಯ ಮಾತಿನಲ್ಲಿ ಚಿಪ್ಪೆಂದರೆ ಸಿಂಪು. ಮುತ್ತಿಲ್ಲದ ಸಿಂಪಿನ ವಿಷಯವನ್ನು ಮಾತ್ರ ನಾನು ಯೋಚಿಸಿದವನಲ್ಲ. ನಿವೃತ್ತನಾದ ಮೇಲೊಮ್ಮೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ದಂಡೆಯಲ್ಲಿ ನಿಂತಾಗ ಈ ಉಪೇಕ್ಷೆ ನನ್ನ ಅರಿವಿಗೆ ಬಂತು.

ಅದು ಇಳಿತದ ಹೊತ್ತು. ನೀರು ಸರಿದು ಕೆಸರು ಬಯಲಾಗಿತ್ತು. ಹೆಂಗಸರು ಬಾಗಿ ಬಳಚು ಹೆಕ್ಕುತ್ತಿದ್ದರು. ಬಳಚೆಂದರೆ ಜೋಡಿ ಚಿಪ್ಪಿನ ಮೃದ್ವಂಗಿ. ಮನೆಯ ಅಡುಗೆಗೂ ಅದೇ, ಸಂತೆಯ ಕಾಸಿಗೂ ಅದೇ. ನನಗೆ ಬರಿಯ ಕೆಸರಾಗಿ ಕಂಡದ್ದು ಅವರ ಪಾಲಿಗೆ ಉಳದೆ ಬೆಳೆಯುವ ಹೊಲ.

ಈ ಹೊಲ ತನ್ನನ್ನು ತಾನೇ ಹಸನುಗೊಳಿಸಿಕೊಳ್ಳುವ ಬಗೆ ಕೇಳತಕ್ಕದ್ದು. ಚಿಪ್ಪುಜೀವಿ ನೀರನ್ನು ಒಳಗೆಳೆದು, ತೇಲುವ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿಂದು, ತಿಳಿನೀರನ್ನು ಹೊರಬಿಡುತ್ತದೆ. ನೀರು ತಿಳಿಯಾದರೆ ಬಿಸಿಲು ತಳಕ್ಕಿಳಿದು ಜಲಸಸ್ಯಗಳು ಚಿಗುರುತ್ತವೆ. ಕೆಸರಿನಲ್ಲಿ ಹುದುಗುವ ಬಳಚು ಅದನ್ನು ಸಡಿಲಿಸಿ ಒಳಪದರಕ್ಕೆ ಪ್ರಾಣವಾಯುವನ್ನು ಮುಟ್ಟಿಸುತ್ತದೆ. ಆಯಿಸ್ಟರ್ ಎಂಬ ಇನ್ನೊಂದು ಬಗೆಯ ಸಿಂಪು ಬಂಡೆಗೂ ತನ್ನ ಹಿರಿಯರ ಚಿಪ್ಪಿಗೂ ಅಂಟಿ ಬೆಳೆದು, ತಲೆಮಾರಿನ ಮೇಲೆ ತಲೆಮಾರು ದಿಬ್ಬವಾಗುತ್ತದೆ. ಅದರ ಸಂದುಗಳಲ್ಲಿ ಏಡಿ, ಸಿಗಡಿ, ಮೀನಮರಿಗಳು ಬಿಡಾರ ಹೂಡುತ್ತವೆ; ಅಲೆಯ ಹೊಡೆತವನ್ನು ದಿಬ್ಬವೇ ತಡೆದು ದಡವನ್ನು ಕಾಯುತ್ತದೆ.

ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕಾರ್ಲ್ ಮೋಬಿಯಸ್ ಇಂಥ ಹಾಸುಗಳನ್ನು ಅಭ್ಯಸಿಸಿ, ಅಲ್ಲಿ ಕೂಡಿ ಬಾಳುವ ಜೀವಗಳನ್ನು ಒಟ್ಟಾಗಿ ಹೆಸರಿಸಲು ಪದವಿಲ್ಲವೆಂದು 1877ರಲ್ಲಿ ಒಂದನ್ನು ತಾನೇ ಟಂಕಿಸಿದ. ನಾವದನ್ನು ಜೀವಸಮುದಾಯ ಎನ್ನೋಣ. ಈ ಮಹತ್ತ್ವದ ಪರಿಕಲ್ಪನೆ ಹುಟ್ಟಿದ್ದು ಸಿಂಪಿನ ಹಾಸಿನಲ್ಲಿ!

ಈ ಸಮುದಾಯದ ಬಾಳು ಉಪ್ಪುನೀರು ಸಿಹಿನೀರುಗಳ ಹದದ ಮೇಲೆ ನಿಂತಿದೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಋತುಮಾನಕ್ಕೆ ತಕ್ಕಂತೆ ಆ ಹದ ತಾನಾಗಿ ಒದಗುತ್ತದೆ. 2024ರಲ್ಲಿ ಈ ಅಳಿವೆಯ 4801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ನೆರೆಯ ಶರಾವತಿಯ ಕಥೆ ಬೇರೆ. ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಹರಿದು ಅಳಿವೆಯ ಉಪ್ಪು ತಗ್ಗಿತು. ಉಪ್ಪನ್ನು ಬಯಸುವ ಬಳಚುಗಳು ಬಹುಮಟ್ಟಿಗೆ ಮರೆಯಾದವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ.

ಅಲ್ಲಿ ಅಣೆಕಟ್ಟು ಮಾಡಿದ್ದನ್ನು ನಾಳೆ ಹವಾಮಾನವೇ ಮಾಡಬಹುದು. ಒಮ್ಮೆಗೇ ಸುರಿಯುವ ಮಳೆ ಉಪ್ಪನ್ನು ಕೊಚ್ಚುತ್ತದೆ; ದೀರ್ಘ ಬರ ಅದನ್ನು ಮಿತಿಮೀರಿ ಏರಿಸುತ್ತದೆ. ಇದರ ಮೇಲೆ, ನಾವು ಸುಡುವ ಕಲ್ಲಿದ್ದಲು ಎಣ್ಣೆಗಳ ಇಂಗಾಲದ ಡೈಆಕ್ಸೈಡನ್ನು ಕಡಲು ಹೀರಿಕೊಳ್ಳುತ್ತಿದೆ. ಕೈಗಾರಿಕಾ ಯುಗದ ಆರಂಭದಿಂದ ಮೇಲ್ನೀರಿನ ಆಮ್ಲೀಯತೆ ಸುಮಾರು ಶೇಕಡಾ 30 ಏರಿದೆ. ಚಿಪ್ಪು ಸುಣ್ಣದ್ದು, ಮೊದಲ ಚಿಪ್ಪನ್ನು ಕಟ್ಟಿಕೊಳ್ಳುವ ಎಳೆಯ ಮರಿಗೇ ಇದರ ಪೆಟ್ಟು ಹೆಚ್ಚು.

ಕಡಲು ಕಾಣದ ಯಾದಗಿರಿಯವರಿಗೆ ಇದೇಕೆಂದು ಶ್ರೋತೃಗಳು ಕೇಳಬಹುದು. ನಾರಾಯಣಪುರದ ಬಸವಸಾಗರದಿಂದ ಸುರಪುರ, ಶಹಾಪುರಗಳ ಹೊಲಗಳು ಹಸಿರಾದವು. ಆ ನೀರನ್ನು ನಾನು ಹಳಿಯಲಾರೆ. ಆದರೆ ಕೃಷ್ಣೆಗೂ ಹಂಸಲದೀವಿಯ ಬಳಿ ಒಂದು ಅಳಿವೆಯುಂಟು. ಕಡಲು ಸೇರುವ ನೀರೆಲ್ಲ ವ್ಯರ್ಥವೆಂದು ಎಲ್ಲರಂತೆ ನಾನೂ ಹೇಳುತ್ತಿದ್ದೆ. ಆ ಹೆಂಗಸರ ಬುಟ್ಟಿಗಳನ್ನು ಕಂಡ ಮೇಲೆ ಆ ಮಾತು ನನ್ನ ಬಾಯಿಗೆ ಬರುವುದಿಲ್ಲ.