ತರಗತಿಯಲ್ಲಿ ಕಲಿತ ಹೆಜ್ಜೆ
ಘಟ್ಟದ ಮೇಲಿನ ತಾಲೂಕುಗಳಲ್ಲಿ ಸ್ತ್ರೀಯರ ಯಕ್ಷಗಾನ ಶಿಕ್ಷಣವನ್ನು ಕುರಿತು

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು ಬಡಗುತಿಟ್ಟಿನ ಯಕ್ಷಗಾನಕ್ಕೆ ತವರೆನಿಸಿದ ಪ್ರದೇಶಕ್ಕೆ ಸೇರಿದವು. ಈ ಭಾಗದ ಪೇಟೆಗಳಲ್ಲಿಯೂ ಹಳ್ಳಿಗಳಲ್ಲಿಯೂ ಇಂದು ಯಕ್ಷಗಾನದ ಕುಣಿತವನ್ನು ತರಗತಿಗಳಲ್ಲಿ ಹೇಳಿಕೊಡಲಾಗುತ್ತಿದೆ. ಅಲ್ಲಿ ಕಲಿಯುವವರಲ್ಲಿ ಬಾಲಕಿಯರೂ ಗೃಹಿಣಿಯರೂ ಇದ್ದಾರೆ. ಬಹುಕಾಲ ಗಂಡಸರದೇ ಆಗಿದ್ದ ರಂಗಕ್ಕೆ ಹೆಂಗಸರು ಬಂದುದು ಹೇಗೆ, ಕಲಿಯುವ ಕ್ರಮ ಬದಲಾದುದರಿಂದ ಕಲೆಗೆ ಒದಗಿದ ಲಾಭನಷ್ಟಗಳೇನು ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಹಿಂದಿನ ಕ್ರಮದಲ್ಲಿ ಮೇಳವೇ ಪಾಠಶಾಲೆ. ಹುಡುಗನು ಮೇಳವನ್ನು ಸೇರಿ ಮೊದಲು ಕೋಡಂಗಿಯಾಗಿ, ಅನಂತರ ಬಾಲಗೋಪಾಲನಾಗಿ, ಪೂರ್ವರಂಗದ ಸ್ತ್ರೀವೇಷವಾಗಿ ಕುಣಿದು, ಕ್ರಮೇಣ ಪ್ರಸಂಗದ ಪಾತ್ರಗಳಿಗೆ ಏರುತ್ತಿದ್ದನು. ಅವನಿಗೆ ಎಣಿಕೆಯನ್ನು ಬಿಡಿಸಿ ಹೇಳುವವರು ವಿರಳ. ಹಿರಿಯರ ಕುಣಿತವನ್ನು ರಾತ್ರಿಯಿಡೀ ನೋಡುವುದೇ ಅಭ್ಯಾಸ. ಮಳೆಗಾಲ ಕಳೆದ ಮೇಲೆ ಹೊರಟ ಮೇಳವು ಮುಂದಿನ ಮಳೆ ಹಿಡಿಯುವವರೆಗೂ ಊರಿಂದೂರಿಗೆ ಸಂಚರಿಸುತ್ತಿತ್ತು. ಹೆಣ್ಣು ಕುಣಿಯುವುದು ಮರ್ಯಾದೆಯಲ್ಲವೆಂಬ ಭಾವನೆ ಸಮಾಜದಲ್ಲಿ ಇದ್ದುದು ನಿಜ. ಆದರೆ ಆ ಭಾವನೆ ಇಲ್ಲದಿದ್ದ ಮನೆಯ ಹುಡುಗಿಗೂ ದಾರಿಯಿರಲಿಲ್ಲ ಎಂಬುದನ್ನು ಗಮನಿಸಬೇಕು. ಗಂಡಸರ ಸಂಚಾರೀ ತಂಡದೊಡನೆ ತಿಂಗಳುಗಟ್ಟಲೆ ಅಲೆಯದೆ ಕಲಿಯಲಾಗದ ವಿದ್ಯೆ ಅವಳಿಗೆ ದೊರೆಯುವುದೆಂತು? ದ್ರೌಪದಿಯೂ ದಮಯಂತಿಯೂ ಗಂಡಸರ ಪಾಲಿಗೇ ಉಳಿದುದಕ್ಕೆ ಈ ಶಿಕ್ಷಣಕ್ರಮವೂ ಒಂದು ಕಾರಣ.

ಬದಲಾವಣೆಗೆ ದಾರಿ ಮಾಡಿದವು ನೆಲೆನಿಂತ ಶಿಕ್ಷಣಸಂಸ್ಥೆಗಳು. 1970ರ ದಶಕದ ಆರಂಭದಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರವು ಮೊದಲಾಯಿತು. ಅದರ ಹಿಂದೆ ಶಿವರಾಮ ಕಾರಂತರ ಪ್ರೇರಣೆಯಿತ್ತು. ಘಟ್ಟದ ಕೆಳಗಿನ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಇಡಗುಂಜಿ ಮೇಳದ ಪರಂಪರೆಯಿಂದಲೇ, ಅವರ ಪುತ್ರ ಶಂಭು ಹೆಗಡೆಯವರು 1986ರಲ್ಲಿ ಶ್ರೀಮಯ ಕಲಾಕೇಂದ್ರವನ್ನು ತೆರೆದರು. ಅಮೆರಿಕದ ವಿದುಷಿ ಮಾರ್ತಾ ಆಷ್ಟನ್ ಅವರು ಹಿರಿಯಡಕ ಗೋಪಾಲರಾಯರಲ್ಲಿ ಈ ಕಲೆಯನ್ನು ಅಭ್ಯಾಸಮಾಡಿ, 1977ರಲ್ಲಿ ಬ್ರೂಸ್ ಕ್ರಿಸ್ಟಿಯವರೊಡನೆ ಗ್ರಂಥವೊಂದನ್ನು ಪ್ರಕಟಿಸಿದರು. ಹೆಣ್ಣಿನ ದೇಹಕ್ಕೆ ಈ ಕುಣಿತ ಒಗ್ಗದೆಂಬ ಮಾತಿಗೆ ಇಂಥ ನಿದರ್ಶನಗಳೇ ಉತ್ತರವಾದವು.

ತರಗತಿಯ ರೀತಿಯನ್ನು ಸ್ವಲ್ಪ ನೋಡೋಣ. ಕಲಿಯುವವರು ಮೊದಲು ಕೈಯಲ್ಲಿ ತಾಳ ಹಾಕುತ್ತಾರೆ: ಏಕಕ್ಕೆ 4, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10 ಅಕ್ಷರಗಳು. ಬಾಯಲ್ಲಿ ಹೇಳಿದ ಬಾಯಿತಾಳವು ಆಮೇಲೆ ಪಾದಕ್ಕೆ ಇಳಿಯುತ್ತದೆ. ಪಾದ ನಿಂತಮೇಲೆ ಕೈ, ಕೊರಳು, ಕಣ್ಣು. ಮೇಳದ ಹುಡುಗನು ಇಡಿಯಾಗಿ ಕಂಡುದನ್ನು ಇಲ್ಲಿ ಬಿಡಿಬಿಡಿಯಾಗಿ ಕಲಿಸಲಾಗುತ್ತದೆ. ಹೀಗೆ ಬಿಡಿಸಿದುದರಿಂದಲೇ ಅದು ಸಂಜೆಯ ಒಂದು ಗಂಟೆಯೊಳಗೆ ಹಿಡಿಸಿತು. ಮನೆಗೆಲಸ ಮುಗಿಸಿ ಬರುವ ಗೃಹಿಣಿಗೆ ಎಟುಕಿತು.

ಇದು ನಮ್ಮ ನಾಡಿನ ವಿಶೇಷವೇನೂ ಅಲ್ಲ. ಬೆಲ್ಲಿ ಡ್ಯಾನ್ಸ್ ಎಂದು ಹೊರಗಿನವರು ಕರೆಯುವ ಅರಬ್ ನಾಡುಗಳ ನೃತ್ಯವನ್ನು ಅಲ್ಲಿಯ ಹುಡುಗಿಯರು ಮದುವೆಮನೆಗಳಲ್ಲಿ ನೋಡಿಯೇ ಕಲಿಯುತ್ತಿದ್ದರು. ಕೈರೋ ನಗರದಲ್ಲಿ 1926ರಲ್ಲಿ ಬದಿಯಾ ಮಸಾಬ್ನಿ ತೆರೆದ ರಂಜನಶಾಲೆಯಂಥ ಸ್ಥಳಗಳಲ್ಲಿ ಅದು ರಂಗಕ್ಕೆ ಏರಿತು. ಮುಂದೆ ಅಮೆರಿಕದ ನಗರಗಳ ಬಡಾವಣೆಗಳಿಗೆ ಅದು ಮುಟ್ಟಿದಾಗ, ಜಮೀಲಾ ಸಲಿಂಪುರ್ ಅವರಂಥ ಶಿಕ್ಷಕಿಯರು ಒಂದೊಂದು ಚಲನೆಗೂ ಹೆಸರಿಟ್ಟು, ಸೊಂಟದ ಚಲನೆ ಬೇರೆ, ಎದೆಯ ಚಲನೆ ಬೇರೆ ಎಂದು ವಿಂಗಡಿಸಿ ಪಾಠವಾಗಿಸಿದರು. ಅಲ್ಲಿ ಹೆಂಗಸರದೇ ಆದ ಕುಣಿತ ಪರದೇಶದ ಹೆಂಗಸರಿಗೆ ದೊರೆಯಿತು. ಇಲ್ಲಿ ಗಂಡಸರದಾಗಿದ್ದುದು ಅದೇ ಊರಿನ ಹೆಂಗಸರಿಗೆ ದೊರೆಯಿತು. ಎರಡಕ್ಕೂ ಸಾಧನವಾದುದು ತರಗತಿಯೇ.

ಹಾಗೆಂದು ತರಗತಿಯಿಲ್ಲದೆ ಹೆಣ್ಣು ಕುಣಿತ ಕಲಿಯಳೆಂದಲ್ಲ. ಯಲ್ಲಾಪುರದ ಸುತ್ತಲಿನ ಕಾಡೂರುಗಳಲ್ಲಿ ನೆಲಸಿರುವ, ಆಫ್ರಿಕಾ ಮೂಲದ ಸಿದ್ದಿ ಜನರಲ್ಲಿ ಸ್ತ್ರೀಯರು ಪುಗಡಿ ಕುಣಿಯುತ್ತಾರೆ. ಡಮಾಮಿಯ ಬಡಿತಕ್ಕೂ ಹೆಜ್ಜೆಯಿಡುತ್ತಾರೆ. ಅಲ್ಲಿ ಹುಡುಗಿ ಹಿರಿಯರ ನಡುವೆ ಸೇರಿಕೊಂಡೇ ಕಲಿಯುತ್ತಾಳೆ. ಆಕೆಗೆ ಕುಣಿತದ ಬಾಗಿಲು ಮುಚ್ಚಿರಲೇ ಇಲ್ಲ. ಆದುದರಿಂದ ತರಗತಿಯ ಅಗತ್ಯವೂ ಬೀಳಲಿಲ್ಲ.

ಇನ್ನು ನಷ್ಟದ ಮಾತು. ಯಕ್ಷಗಾನದಲ್ಲಿ ಎಣಿಕೆಗೆ ಸಿಗುವುದು ಅರ್ಧ ಮಾತ್ರ. ಭಾಗವತರು ಪದ್ಯವನ್ನು ಎಲ್ಲಿ ಎಳೆದಾರು, ಚಂಡೆ ಎಲ್ಲಿ ಏರೀತು ಎಂಬುದನ್ನು ಅರಿತು ಕುಣಿಯಬೇಕು. ಪದ್ಯ ಮುಗಿದೊಡನೆ ಬರೆದಿಡದ ಅರ್ಥವನ್ನು ಆಗಿಂದಾಗ ಹೇಳಬೇಕು. ವಾರ್ಷಿಕೋತ್ಸವಕ್ಕೆಂದು ಒಂದೇ ತುಂಡು ಕಥೆಯನ್ನು ಕಂಠಪಾಠಮಾಡಿ ಕುಣಿದವರಿಗೆ ಈ ಎರಡನೆಯ ಅರ್ಧ ಒದಗದು. ಅದಕ್ಕೆ ಈ ತಾಲೂಕುಗಳಲ್ಲಿ ಪರಿಹಾರವೂ ಇದೆ: ಮಳೆಗಾಲದಲ್ಲಿ ಮನೆಮನೆಗಳಲ್ಲಿ ನಡೆಯುವ ತಾಳಮದ್ದಲೆ. ವೇಷವೂ ಕುಣಿತವೂ ಇಲ್ಲದ ಆ ಕೂಟವು ಮಾತಿಗೆ ಗರಡಿಮನೆ. ಸಂಜೆ ಹೆಜ್ಜೆ ಕಲಿಯುವ ಹೆಂಗಸು ತಾಳಮದ್ದಲೆಯಲ್ಲಿ ಅರ್ಥಧಾರಿಯಾಗಿಯೂ ಕುಳಿತಾಗ, ಹಿಂದೆ ಮೇಳವೊಂದೇ ಕೊಡಬಲ್ಲದ್ದಾಗಿದ್ದ ಶಿಕ್ಷಣ ಅವಳಿಗೆ ಬಹುಮಟ್ಟಿಗೆ ಪೂರ್ಣವಾಗುತ್ತದೆ.

ತರಗತಿಯು ಕಲೆಯನ್ನು ಕೆಡಿಸಿತೆಂಬ ಆಕ್ಷೇಪವನ್ನೂ, ಉಳಿಸಿತೆಂಬ ಹೊಗಳಿಕೆಯನ್ನೂ ನಾವು ಪೂರ್ತಿಯಾಗಿ ಒಪ್ಪಲಾರೆವು. ಅದು ಮಾಡಿದ್ದು ಬಾಗಿಲು ತೆರೆದ ಕೆಲಸ. ಒಳಗೆ ಬಂದವಳಿಗೆ ಅಂಗಳದಲ್ಲಿಯೇ ಹೆಜ್ಜೆ ಹಾಕಿಸಿ ಕಳುಹಿಸದೆ, ರಂಗದವರೆಗೂ ಕರೆದೊಯ್ಯುವುದು ಕಲಿಸುವವರ ಹೊಣೆ.