ಮಧುಮಾಲತಿಗೆ ನೀರಿಗಿಂತ ಕತ್ತರಿ ಮುಖ್ಯ

ಧಾರವಾಡದ ಮಾಳಮಡ್ಡಿ, ಸಪ್ತಾಪುರ, ಸಾಧನಕೇರಿ ಕಡೆಯ ಹಳೆಯ ಮನೆಗಳ ಗೇಟಿಗೆ ಮಧುಮಾಲತಿಯಷ್ಟು ಒಪ್ಪುವ ಬಳ್ಳಿ ಇನ್ನೊಂದಿಲ್ಲ. ನರ್ಸರಿಗಳಲ್ಲಿ ಹನಿಸಕಲ್ ಕೇಳಿದವರಿಗೂ ಎಷ್ಟೋ ಸಲ ಇದನ್ನೇ ಕೊಡುತ್ತಾರೆ. ಅಸಲಿ ಹನಿಸಕಲ್ ಬೇರೆ. ಅದು ಲೋನಿಸೆರಾ ಕುಲದ್ದು, ಹೆಚ್ಚಾಗಿ ತಂಪು ಸೀಮೆಯ ಗಿಡ. ಅದರ ಜಪಾನಿ ತಳಿಯ ಬಿಳಿ ಹೂ ಬಾಡುವ ಮುನ್ನ ಹಳದಿಯಾಗುತ್ತದೆ. ಮಧುಮಾಲತಿಯಾದರೋ ಮತ್ತಿ, ತಾರೆ, ಅಳಲೆ ಮರಗಳ ಕುಟುಂಬಕ್ಕೆ ಸೇರಿದ್ದು. ಧಾರವಾಡದ ಏಪ್ರಿಲ್ ಬಿಸಿಲು ಇದಕ್ಕೆ ಹಿತ.

ಸಂಜೆ ಬಿರಿದ ಹೂ ಅಚ್ಚ ಬಿಳಿ. ಮರುದಿನ ಗುಲಾಬಿ, ಆಮೇಲೆ ಕಡುಗೆಂಪು. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ ತೂಗುತ್ತಿರುತ್ತವೆ. ರಾತ್ರಿ ಉದ್ದ ಸೊಂಡಿಲಿನ ಪತಂಗಗಳು ಬಿಳಿ ಹೂವಿನ ಕಂಪಿಗೆ ಬರುತ್ತವೆ. ಹಗಲು ಕೆಂಪಿಗೆ ಸೂರಕ್ಕಿ, ಜೇನುಹುಳಗಳ ಸರದಿ. ಒಣಗಿದ ಎಲೆ ಉದುರುವಾಗ ತೊಟ್ಟಿನ ಬುಡ ಮಾತ್ರ ಕಾಂಡದಲ್ಲೇ ಉಳಿದು ಗಟ್ಟಿ ಮುಳ್ಳಾಗುತ್ತದೆ. ಬಳ್ಳಿ ಮೇಲೇರುವುದು ಆ ಕೊಕ್ಕೆಗಳ ಆಸರೆಯಿಂದ. ಬರಿಗೈಯಲ್ಲಿ ಎಳೆದವರಿಗೆ ಅದು ಚೆನ್ನಾಗಿ ಗೊತ್ತು.

ಹಚ್ಚುವುದು ಕಷ್ಟವಲ್ಲ. ಮಿರಗದ ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ಊರಿದರೆ ಚಿಗುರುತ್ತದೆ. ಹಳೆಯ ಬಳ್ಳಿಯ ಬೇರಿನಿಂದ ಎದ್ದ ಮರಿ ಸಿಕ್ಕರೆ ಇನ್ನೂ ಸಲೀಸು. ಊರಿನ ಪಡುವಣ ಮಗ್ಗುಲಿನ ಮಸಾರಿ ಮಣ್ಣಿನಲ್ಲಿ ನೀರು ತಾನೇ ಬಸಿದುಹೋಗುತ್ತದೆ. ಮೂಡಣದ ಎರಿ ಭೂಮಿಯಲ್ಲಿ ಹಾಗಲ್ಲ, ಮಳೆಗಾಲದಲ್ಲಿ ನೀರು ನಿಂತು ಎಳೆಯ ಬೇರು ಕೊಳೆಯುತ್ತದೆ. ಅಲ್ಲಿ ಗುಂಡಿಗೆ ಮರಳು, ತಿಪ್ಪೆಗೊಬ್ಬರ ಬೆರೆಸಿ ಬುಡವನ್ನು ತುಸು ಎತ್ತರಿಸಬೇಕು. ದಿನಕ್ಕೆ ಐದಾರು ತಾಸು ಬಿಸಿಲಂತೂ ಬೇಕೇ ಬೇಕು.

"ಎಲಿ ಭಾಳ ಅದಾವ, ಹೂವ ಇಲ್ರೀ" ಎಂಬುದು ಎಲ್ಲರ ದೂರು. ಇಂಥ ಬಳ್ಳಿ ಒಂದೋ ನೆರಳಿನಲ್ಲಿರುತ್ತದೆ, ಇಲ್ಲವೇ ಯೂರಿಯಾ ಉಂಡು ಸೊಕ್ಕಿರುತ್ತದೆ. ಹೆಚ್ಚಿನ ಕಡೆ ಮಾತ್ರ ಕತ್ತರಿ ಕಾಣದಿರುವುದೇ ಕಾರಣ. ಮಧುಮಾಲತಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ವಿಜಯಪುರದವರು ದ್ರಾಕ್ಷಿಗೆ ಚಾಟ್ನಿ ಮಾಡುವ ಹಾಗೆ ಇದಕ್ಕೂ ಕೈ ಬಿಗಿಹಿಡಿಯದೆ ಕತ್ತರಿ ಹಾಕಬೇಕು. ಸಂಕ್ರಾಂತಿ ಕಳೆದ ಮೇಲೆ ಒಣಗಿದ್ದು, ಹೆಣೆದುಕೊಂಡದ್ದು, ಬಡಕಲಾದದ್ದು ಎಲ್ಲವನ್ನೂ ತೆಗೆದು, ಗಟ್ಟಿ ಕಾಂಡ ನಾಲ್ಕೈದು ಉಳಿಸಿ. ಬಳ್ಳಿ ಬೋಳಾಯಿತೆಂದು ಮನೆಯವರು ಮರುಗುತ್ತಾರೆ, ಮರುಗಬೇಕಿಲ್ಲ. ಬೇಸಿಗೆಯ ಅಡ್ಡಮಳೆ ಬಿದ್ದರೆ ಗೊಂಚಲು ಇಳಿಬೀಳುತ್ತವೆ, ಮಳೆಗಾಲವಿಡೀ ಹೂವಿರುತ್ತದೆ.

ಹಂದರಕ್ಕೆ ಜಾಗವಿಲ್ಲದವರು ಇದನ್ನು ಪೊದೆಯಾಗಿಯೇ ಇಟ್ಟುಕೊಳ್ಳಬಹುದು. ಎಳೆಯ ಗಿಡ ಮೊದಲು ಪೊದೆಯಂತೆಯೇ ಬೆಳೆಯುತ್ತದೆ, ಬಳ್ಳಿಯಾಗಿ ಚಾಚುವುದು ಆಮೇಲೆ. ಚಾಚಿದ ಕುಡಿಯನ್ನು ಆಗಾಗ ಎದೆಮಟ್ಟಕ್ಕೆ ಚಿವುಟುತ್ತ ಬಂದರೆ ದೊಡ್ಡ ಕುಂಡದಲ್ಲೂ ಹೂ ಕೊಡುತ್ತದೆ. ಹಿಟ್ಟು ತಿಗಣೆ ಕಂಡರೆ ನೀರನ್ನು ರಭಸವಾಗಿ ಹಾಯಿಸಿ, ಸಂಜೆ ಬೇವಿನೆಣ್ಣೆ ಸಿಂಪಡಿಸಿದರೆ ಸಾಕು.

ಹಳೆಯ ಮನೆ ಕೆಡವುವವರಲ್ಲಿ ಒಂದು ವಿನಂತಿ. ಜೆಸಿಬಿ ಬರುವ ಮುನ್ನ ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಕಡಿದು, ಬೇರನ್ನು ಮಣ್ಣಿನ ಸಮೇತ ಅಗೆದು ಗೋಣಿಚೀಲದಲ್ಲಿ ಕಟ್ಟಿಡಿ. ಮಳೆಗಾಲದ ಆರಂಭದಲ್ಲಿ ಈ ಕೆಲಸವಾದರೆ ಇನ್ನೂ ಒಳ್ಳೆಯದು. ನೆರಳಿನಲ್ಲಿಟ್ಟು ತೇವ ಆರದಂತೆ ನೋಡಿಕೊಂಡರೆ ಚಿಗುರುವ ಸಂಭವ ಹೆಚ್ಚು. ನಿಮಗೆ ಬೇಡವಾದರೆ ನೆರೆಯವರನ್ನು ಕೇಳಿ, ಒಯ್ಯುವವರು ಸಿಗುತ್ತಾರೆ.